ಬಟ್ಟೆಯೇ ನಿಮ್ಮ ಅಳತೆಗೆ ಬರಲಿ: ತುಂಬುಮೈಯ ಮಹಿಳೆಯರಿಗೊಂದು ಉಡುಪಿನ ಮಾರ್ಗದರ್ಶಿ

ಟ್ರಯಲ್ ರೂಮಿನಲ್ಲಿ ಜಿಪ್ ಅರ್ಧಕ್ಕೆ ನಿಂತರೆ ಹೆಚ್ಚಿನ ಹೆಂಗಸರು ಬೈದುಕೊಳ್ಳುವುದು ತಮ್ಮ ಹೊಟ್ಟೆಯನ್ನು, ತಮ್ಮ ತೋಳನ್ನು. ಆ ಬಟ್ಟೆ ಕತ್ತರಿಸಿದವರನ್ನು ಬೈಯುವವರು ಅಪರೂಪ. ತುಂಬುಮೈಯವರಿಗಾಗಿ ಉಡುಪು ವಿನ್ಯಾಸ ಮಾಡುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೈಗೆ ಕೂರದ ಉಡುಪಿನಲ್ಲಿ ತಪ್ಪಿರುವುದು ಅಳತೆಯಲ್ಲಿ, ಇಲ್ಲವೇ ಕತ್ತರಿಯಲ್ಲಿ. ಆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು, ಬಹುಪಾಲು ಸರಿಪಡಿಸಲೂಬಹುದು. ಹೇಗೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ತೆಳ್ಳಗೆ ಕಾಣುವ ಉಪಾಯಗಳನ್ನು ಇಲ್ಲಿ ಹುಡುಕಬೇಡಿ. ದಿನವಿಡೀ ಎಳೆದುಕೊಳ್ಳುವ, ಮುಚ್ಚಿಕೊಳ್ಳುವ ಗೊಡವೆಯಿಲ್ಲದೆ, ತೊಟ್ಟದ್ದನ್ನು ಮರೆತು ನಿಮ್ಮ ಕೆಲಸ ಮಾಡಿಕೊಳ್ಳಲು ಬಿಡುವ ಉಡುಪು ನಮ್ಮ ಗುರಿ.

ಮೊದಲ ಹೆಜ್ಜೆ: ಲೇಬಲ್ಲಿನ ಸಂಖ್ಯೆಯನ್ನು ಬದಿಗಿಡಿ

ಸಿದ್ಧ ಉಡುಪಿನ ಸೈಜ್ ಪಟ್ಟಿ ಯಾರೋ ಕುಳಿತು ಬರೆದದ್ದು, ಪ್ರಕೃತಿಯ ನಿಯಮವೇನಲ್ಲ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರ ಅಳತೆ ತೆಗೆಸಿತು. ತೂಕವೂ ಸೇರಿ ಒಬ್ಬೊಬ್ಬರದು 59 ಅಳತೆ. ಬಂದವರು ತಾವಾಗಿ ಮುಂದೆ ಬಂದವರು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರನ್ನು ಮಾತ್ರ. ಆ ಅಂಕಿಗಳನ್ನು ಆಧರಿಸಿ 1958ರಲ್ಲಿ ಅಲ್ಲಿ ಪ್ರಮಾಣಿತ ಸೈಜ್ ಪಟ್ಟಿ ಬಂತು, 1983ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ಈಗ ಪ್ರತಿ ಕಂಪನಿಗೂ ಅದರದೇ ಪಟ್ಟಿ. ಒಂದರಲ್ಲಿ ನೀವು ಎಕ್ಸೆಲ್, ಇನ್ನೊಂದರಲ್ಲಿ ತ್ರಿಬಲ್ ಎಕ್ಸೆಲ್. ಮೈ ಮಾತ್ರ ಅದೇ.

ಇದಕ್ಕಿಂತ ದೊಡ್ಡ ತೊಂದರೆ ದೊಡ್ಡ ಸೈಜುಗಳನ್ನು ತಯಾರಿಸುವ ಕ್ರಮದಲ್ಲಿದೆ. ಸಣ್ಣ ಅಥವಾ ಮಧ್ಯಮ ಸೈಜಿನ ಒಂದು ಮಾದರಿಯನ್ನು ಕತ್ತರಿಸಿ, ಮುಂದಿನ ಸೈಜುಗಳಿಗೆ ಅದನ್ನೇ ಇಷ್ಟಿಷ್ಟು ಇಂಚು ಹಿಗ್ಗಿಸುತ್ತ ಹೋಗುತ್ತಾರೆ. ಉದ್ಯಮದಲ್ಲಿ ಇದನ್ನು ಗ್ರೇಡಿಂಗ್ ಎನ್ನುತ್ತಾರೆ. ಮೈ ಹಾಗೆ ಹಿಗ್ಗುವುದಿಲ್ಲ. ಮೈ ತುಂಬಿತೆಂದು ಭುಜದ ಮೂಳೆ ಅಗಲವಾಗುವುದಿಲ್ಲ. ಎದೆ, ಹೊಟ್ಟೆ, ತೋಳು, ತೊಡೆಗಳು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ತುಂಬುತ್ತವೆ. ಹಾಗಾಗಿಯೇ ದೊಡ್ಡ ಸೈಜಿನ ಉಡುಪಿನಲ್ಲಿ ಭುಜ ತೋಳಿನ ಮೇಲೆ ಜಾರುತ್ತದೆ, ಕೊರಳು ಬಾಯಿಬಿಡುತ್ತದೆ, ತೋಳು ಮಾತ್ರ ಹಿಡಿಯುತ್ತದೆ. ಇದು ನಿಮ್ಮೊಬ್ಬರ ಅನುಭವ ಎಂದುಕೊಂಡಿದ್ದರೆ, ಖಂಡಿತ ಅಲ್ಲ.

ಲೇಬಲ್ಲಿನ ಸಂಖ್ಯೆ ಮನಸ್ಸಿಗೆ ಚುಚ್ಚುತ್ತದೆ ಎನ್ನುವವರು ಅದನ್ನು ಕತ್ತರಿಸಿ ಎಸೆದುಬಿಡಿ. ತೊಳೆಯುವ ವಿಧಾನ ಬರೆದ ಚೀಟಿಯನ್ನು ಮಾತ್ರ ಉಳಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಒಳ ಉಡುಪಿನಿಂದ ಆರಂಭಿಸಿ

ಹೊರಗಿನ ಉಡುಪಿಗೆ ಖರ್ಚು ಮಾಡುವ ಮೊದಲು ಬ್ರಾ ಸರಿಯಾಗಬೇಕು. ಎದೆಯ ಭಾರವನ್ನು ಹೊರಬೇಕಾದದ್ದು ಮುಖ್ಯವಾಗಿ ಎದೆಯ ಕೆಳಗಿನ ಪಟ್ಟಿ. ಭುಜದ ಪಟ್ಟಿಗಳಿಗೆ ಅಲ್ಲಿ ಸಣ್ಣ ಪಾಲು ಮಾತ್ರ. ಭುಜದಲ್ಲಿ ಗುಳಿ ಬೀಳುತ್ತಿದ್ದರೆ ಕೆಳಪಟ್ಟಿ ಸಡಿಲವಾಗಿದೆ, ಅದು ಮಾಡದ ಕೆಲಸವನ್ನು ಭುಜ ಮಾಡುತ್ತಿದೆ ಎಂದು ತಿಳಿಯಿರಿ. ಕನ್ನಡಿಗೆ ಪಕ್ಕವಾಗಿ ನಿಂತು ನೋಡಿ: ಪಟ್ಟಿ ಮುಂದೆ ಎಷ್ಟು ಎತ್ತರದಲ್ಲಿದೆಯೋ ಬೆನ್ನಿನಲ್ಲೂ ಅಷ್ಟೇ ಎತ್ತರದಲ್ಲಿರಬೇಕು. ಬೆನ್ನಿನಲ್ಲಿ ಮೇಲಕ್ಕೇರಿದ್ದರೆ ಪಟ್ಟಿಯ ಸೈಜ್ ಇಳಿಸಿ, ಕಪ್ ಸೈಜ್ ಏರಿಸಿ. ಹೊಸ ಬ್ರಾ ಅತ್ಯಂತ ಸಡಿಲದ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು; ಬಳಸುತ್ತ ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕುಗಳಿಗೆ ಹೋಗಲು ಅವಕಾಶವಿರುತ್ತದೆ.

ಉಸಿರು ಕಟ್ಟಿಸುವ ಬಿಗಿ ಒಳಕವಚಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಊಟಕ್ಕೆ ಕುಳಿತಾಗ ಬಿಚ್ಚಬೇಕೆನಿಸುವುದನ್ನು ಕೊಳ್ಳಬೇಡಿ. ಉಡುಪು ಜಾರಿ ಇಳಿಯಲಿ, ಮೈಗೆ ಅಂಟದಿರಲಿ ಎಂಬುದಷ್ಟೇ ಬೇಕಿದ್ದರೆ ನಯವಾದ ಸ್ಲಿಪ್ ಸಾಕು. ತೊಡೆಗಳು ಉಜ್ಜಿ ಉರಿಯುವವರಿಗೆ ಸ್ಕರ್ಟ್, ಗೌನುಗಳ ಒಳಗೆ ಮೊಣಕಾಲಿನ ಸಮೀಪದವರೆಗೆ ಬರುವ, ಒಳತೊಡೆಯಲ್ಲಿ ದಪ್ಪ ಹೊಲಿಗೆಯಿಲ್ಲದ ಚಡ್ಡಿ ದೊಡ್ಡ ಉಪಕಾರ ಮಾಡುತ್ತದೆ. ಉದ್ದ ಕಡಿಮೆಯಾದರೆ ಅದು ಸುರುಳಿಯಾಗಿ ಮೇಲೇರುತ್ತದೆ.

ಮೂರನೆಯ ಹೆಜ್ಜೆ: ಪೂರ್ತಿ ಅಳತೆ ತೆಗೆಸಿ

ಎದೆ, ಸೊಂಟ, ಹಿಪ್ (ನಿತಂಬದ ಸುತ್ತ) ಎಂಬ ಮೂರೇ ಅಳತೆಯಲ್ಲಿ ಹೊಲಿದ ಬಟ್ಟೆ ತುಂಬುಮೈಗೆ ಕೂರುವುದು ಅದೃಷ್ಟದ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಲೇನ್ ಬ್ರಯಂಟ್ ಎಂಬ ಉಡುಪಿನ ಸಂಸ್ಥೆ ಕಟ್ಟಿದ ಲೀನಾ ಬ್ರಯಂಟ್ ಅವರ ಪತಿ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರ್. ಅವರು ಸುಮಾರು 4,500 ಗ್ರಾಹಕ ಮಹಿಳೆಯರ ಅಳತೆ ತೆಗೆದು, ವಿಮಾ ಕಂಪನಿಯ ಅಂಕಿಗಳನ್ನೂ ಜೊತೆಗಿಟ್ಟು ನೋಡಿ, ತುಂಬುಮೈಯಲ್ಲಿ ಒಂದಲ್ಲ, ಮೂರು ಬಗೆಯ ಆಕಾರಗಳಿವೆ ಎಂದು ವಿಂಗಡಿಸಿದರು. ಎಲ್ಲ ದಪ್ಪ ಮೈಯೂ ಒಂದೇ ಎನ್ನುವ ಊಹೆಯನ್ನು ಟೇಪ್ ಹಿಡಿದು ಸುಳ್ಳು ಮಾಡಿದ ಕೆಲಸ ಅದು. ಈ ಹೆಜ್ಜೆಯಲ್ಲಿ ನೀವು ಮಾಡುವುದೂ ಅದನ್ನೇ, ಒಬ್ಬರ ಮಟ್ಟಿಗೆ.

ಟೇಪ್ ಹಿಡಿಯಲು ಇನ್ನೊಬ್ಬರು ಬೇಕು; ನೀವೇ ಬಗ್ಗಿ ಹಿಡಿದರೆ ಅಳತೆ ಬದಲಾಗುತ್ತದೆ. ಸರಿಯಾದ ಬ್ರಾ ತೊಟ್ಟು, ತೆಳುವಾದ ಬಟ್ಟೆಯಲ್ಲಿ, ಹೊಟ್ಟೆ ಒಳಗೆಳೆಯದೆ ನಿಲ್ಲಿ. ಹೊಟ್ಟೆ ಎಳೆದುಕೊಂಡು ಕೊಟ್ಟ ಅಳತೆಗೆ ಹೊಲಿದ ಬಟ್ಟೆಯನ್ನು ಮುಂದೆ ಹೊಟ್ಟೆ ಎಳೆದುಕೊಂಡೇ ತೊಡಬೇಕಾಗುತ್ತದೆ.

ಎದೆಗೆ ಮೂರು ಸುತ್ತಳತೆ ಬೇಕು. ಕಂಕುಳಿನಡಿಯಿಂದ ಎದೆಯ ಮೇಲ್ಭಾಗದಲ್ಲಿ ಒಂದು, ತುಂಬು ಭಾಗದಲ್ಲಿ ಒಂದು, ಎದೆಯ ಕೆಳಗೆ ಒಂದು. ಮೊದಲ ಎರಡರ ವ್ಯತ್ಯಾಸ ಬಹಳ ಮುಖ್ಯ. ಮನೆಹೊಲಿಗೆಗೆ ಸಿಗುವ ಹೆಚ್ಚಿನ ಪೇಪರ್ ಪ್ಯಾಟರ್ನುಗಳು (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿಗಳು) ಸುಮಾರು 2 ಇಂಚಿನ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗಿರುತ್ತವೆ. ನಿಮ್ಮದು 4 ಅಥವಾ 5 ಇಂಚು ಇದ್ದರೆ ತುಂಬು ಎದೆಯ ಅಳತೆ ನೋಡಿ ಸೈಜ್ ಆರಿಸಬೇಡಿ. ಭುಜವೂ ಕೊರಳೂ ವಿಪರೀತ ದೊಡ್ಡದಾಗುತ್ತವೆ. ಮೇಲೆದೆಯ ಅಳತೆಗೆ ಸೈಜ್ ಆರಿಸಿ, ಎದೆಯ ಭಾಗಕ್ಕೆ ಮಾತ್ರ ಬಟ್ಟೆ ಸೇರಿಸಿ. ದರ್ಜಿಗೂ ಇದೇ ಮಾತನ್ನು ಹೇಳಿ.

ಸೊಂಟ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಪಕ್ಕಕ್ಕೆ ಬಾಗಿ. ಮೈ ಮಡಚುವ ಜಾಗವೇ ಸೊಂಟ. ಅಲ್ಲೊಂದು ದಾರ ಕಟ್ಟಿಕೊಂಡರೆ ಮುಂದಿನ ಉದ್ದದ ಅಳತೆಗಳೆಲ್ಲ ಸುಲಭ. ಹೊಟ್ಟೆಯ ಅತಿ ತುಂಬು ಭಾಗವನ್ನು ಬೇರೆಯಾಗಿ ಅಳೆಯಿಸಿ; ಅದು ಸೊಂಟದಲ್ಲಿ ಇಲ್ಲದೆ ಕೆಳಗಿರಬಹುದು. ಹಿಪ್ ಅನ್ನು ನಿಂತು ಒಮ್ಮೆ, ಕುರ್ಚಿಯಲ್ಲಿ ಕುಳಿತು ಒಮ್ಮೆ ಅಳೆಯಿಸಬೇಕು. ಕುಳಿತಾಗ ಅಳತೆ ಹೆಚ್ಚುತ್ತದೆ, ಪ್ಯಾಂಟಿಗೂ ಬಿಗಿ ಸ್ಕರ್ಟಿಗೂ ಬೇಕಾದದ್ದು ಆ ಹೆಚ್ಚಿನ ಅಳತೆ. ಮೇಲ್ತೋಳು, ಮೊಣಕೈ, ತೊಡೆ, ಮೀನಖಂಡಗಳ ಸುತ್ತಳತೆಯೂ ಇರಲಿ.

ಇನ್ನು ಉದ್ದಗಳು. ಕೊರಳ ಬುಡದಿಂದ ಎದೆಯ ತುದಿಯ ಮೇಲೆ ಹಾದು ಸೊಂಟದ ದಾರದವರೆಗೆ ಮುಂದೆ ಒಂದು, ಬೆನ್ನಿನಲ್ಲಿ ಒಂದು. ತುಂಬು ಎದೆಯವರಲ್ಲಿ ಮುಂದಿನ ಉದ್ದ ಬೆನ್ನಿಗಿಂತ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಪ್ಯಾಂಟಿಗೆ ಸೊಂಟದ ಮುಂಭಾಗದಿಂದ ಕಾಲುಗಳ ನಡುವೆ ಹಾದು ಹಿಂದಿನ ಸೊಂಟದವರೆಗಿನ ಉದ್ದ ಬೇಕೇಬೇಕು. ಇದೊಂದನ್ನು ಬಿಟ್ಟಿದ್ದರಿಂದಲೇ ಕುಳಿತಾಗ ಹಿಂದೆ ಜಾರುವ ಎಷ್ಟೋ ಪ್ಯಾಂಟುಗಳು ತಯಾರಾಗಿವೆ.

ಎಲ್ಲವನ್ನೂ ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೈಯಲ್ಲಿ ಬದಲಾವಣೆ ಕಂಡರೆ ಮತ್ತೆ ಅಳೆಯಿಸಿ.

ನಾಲ್ಕನೆಯ ಹೆಜ್ಜೆ: ಸುಕ್ಕನ್ನು ಓದಲು ಕಲಿಯಿರಿ

ಈ ಒಂದು ವಿದ್ಯೆ ಬಂದರೆ ಟ್ರಯಲ್ ರೂಮಿನ ಅಳುಕು ಅರ್ಧ ಕಡಿಮೆಯಾಗುತ್ತದೆ. ಉಡುಪಿನ ಮೇಲೆ ಬೀಳುವ ಪ್ರತಿ ಗೆರೆಯೂ ತಾನು ಎಲ್ಲಿ ಹಿಡಿದಿದೆ ಎಂದು ಹೇಳುತ್ತದೆ. ಬಿಗಿಯಾಗಿ ಅಡ್ಡಡ್ಡ ಎಳೆದ ಗೆರೆಗಳು ಬಿದ್ದರೆ ಅಲ್ಲಿ ಸುತ್ತಳತೆ ಸಾಲದು. ಸಡಿಲವಾಗಿ ಅಡ್ಡ ಮಡಿಕೆ ಬಿದ್ದರೆ ಅಲ್ಲಿ ಉದ್ದ ಹೆಚ್ಚಾಗಿದೆ. ಬೆನ್ನಿನ ಸೊಂಟದ ಮೇಲೆ ಬಟ್ಟೆ ಗುಡ್ಡೆಯಾಗುವುದು ಬಹಳ ಸಲ ಇದರಿಂದ. ಉಡುಪು ಹಿಪ್ಪಿನಲ್ಲಿ ಹಿಡಿದು ಕೆಳಗಿಳಿಯಲಾರದೆ ಮೇಲೆ ಗುಡ್ಡೆಯಾಗುವುದೂ ಉಂಟು. ಪಕ್ಕದ ಹೊಲಿಗೆಯನ್ನು ಬಿಚ್ಚಿದಾಗ ಬಟ್ಟೆ ಇಳಿದರೆ ಕಾರಣ ಹಿಪ್, ಇಳಿಯದಿದ್ದರೆ ಬೆನ್ನುದ್ದ.

ಎದೆಯ ತುದಿಯಿಂದ ಪಕ್ಕದ ಹೊಲಿಗೆಯ ಕಡೆಗೆ ಓರೆಯಾಗಿ ಇಳಿಯುವ ಗೆರೆಗಳನ್ನು ನೋಡಿದ್ದೀರಲ್ಲ? ಎದೆಯ ಭಾಗಕ್ಕೆ ಬಟ್ಟೆ ಸಾಲದೆ ಕೆಳಗಿನಿಂದ ಎಳೆದುಕೊಳ್ಳುತ್ತಿದೆ. ಅಲ್ಲಿ ಡಾರ್ಟ್, ಅಂದರೆ ಬಟ್ಟೆಯನ್ನು ಮೊನಚಾಗಿ ಮಡಚಿ ಹಾಕುವ ಹೊಲಿಗೆ, ಬೇಕು, ಇರುವುದಾದರೆ ಅದು ದೊಡ್ಡದಾಗಬೇಕು. ಗುಂಡಿಗಳ ಸುತ್ತ ಗುಣಿಸುವ ಚಿಹ್ನೆಯಂತೆ ಗೆರೆಗಳು ಕೂಡಿದರೆ ಆ ಗುಂಡಿ ತನ್ನ ಶಕ್ತಿ ಮೀರಿ ಹಿಡಿದುಕೊಂಡಿದೆ. ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೇರಿದ್ದರೆ ಎದೆ ಅಥವಾ ಹೊಟ್ಟೆ ಮುಂಭಾಗದ ಉದ್ದವನ್ನು ತೆಗೆದುಕೊಂಡಿದೆ. ಪ್ಯಾಂಟಿನ ಹಿಂದಿನ ಪಟ್ಟಿ ಸೊಂಟದಲ್ಲಿ ಬಾಯಿಬಿಟ್ಟರೆ ಹಿಪ್ಪಿಗೂ ಸೊಂಟಕ್ಕೂ ಇರುವ ವ್ಯತ್ಯಾಸವನ್ನು ಕತ್ತರಿಸಿದವರು ಗಮನಿಸಿಲ್ಲ. ಹಿಂದೆ ಎರಡು ಡಾರ್ಟ್ ಹಾಕಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ನಿಂತು ನೋಡಿದರಷ್ಟೇ ಸಾಲದು. ಕೈಗಳನ್ನು ಮುಂದೆ ಚಾಚಿ, ಮೇಲೆತ್ತಿ, ಕುಳಿತು, ನೆಲದ ಮೇಲಿನ ವಸ್ತು ಎತ್ತಿಕೊಳ್ಳುವಂತೆ ಬಗ್ಗಿ ನೋಡಿ. ಆಮೇಲೆ ಕನ್ನಡಿಗೆ ಬೆನ್ನು ಹಾಕಿ ಮೊಬೈಲಿನಲ್ಲಿ ಹಿಂಭಾಗದ ಫೋಟೊ ತೆಗೆಯಿರಿ. ಕನ್ನಡಿಯ ಮುಂದೆ ನಾವು ಅರಿವಿಲ್ಲದೆ ಮೈ ತಿರುಗಿಸಿ ಗೆರೆಗಳನ್ನು ಸರಿಮಾಡಿಕೊಂಡುಬಿಡುತ್ತೇವೆ, ಫೋಟೊದಲ್ಲಿ ಅವು ಇದ್ದಲ್ಲೇ ಇರುತ್ತವೆ.

ಐದನೆಯ ಹೆಜ್ಜೆ: ಕಟಿಂಗಿನಲ್ಲಿ ಏನು ಬೇಕೆಂದು ದರ್ಜಿಗೆ ಹೇಳಿ

"ಸ್ವಲ್ಪ ಲೂಸ್ ಮಾಡಿ" ಎಂದರೆ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತಾರೆ. ನಿಮ್ಮ ತೊಂದರೆ ಪಕ್ಕದಲ್ಲಿ ಇಲ್ಲದಿದ್ದರೆ ಅದರಿಂದ ಲಾಭವಿಲ್ಲ. ಜಾಗದ ಹೆಸರು ಹಿಡಿದು ಕೇಳಬೇಕು.

ತೋಳಿನ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಉಡುಪು ಹಾಳಾಗುವುದು ಅಲ್ಲಿಯೇ. ತೋಳು ಹಿಡಿಯುತ್ತಿದೆ ಎಂದಕೂಡಲೇ ತೋಳು ಉಡುಪಿಗೆ ಕೂಡುವ ತೆರಪನ್ನು, ಅಂದರೆ ಆರ್ಮ್‌ಹೋಲನ್ನು ಕೆಳಗೆ ಕೊರೆದು ದೊಡ್ಡದು ಮಾಡುವ ಅಭ್ಯಾಸ ಬಹಳ ದರ್ಜಿಗಳಿಗಿದೆ. ಸುಮ್ಮನೆ ನಿಂತಾಗ ಆರಾಮ ಎನಿಸುತ್ತದೆ. ಕೈ ಎತ್ತಿ ನೋಡಿ: ಇಡೀ ಉಡುಪು ಕೈಯ ಜೊತೆಗೇ ಮೇಲೇಳುತ್ತದೆ, ಹೊಟ್ಟೆ ಕಾಣುತ್ತದೆ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ಕಂಕುಳಿನಿಂದ ಅಂಚಿನವರೆಗಿನ ಪಕ್ಕದ ಉದ್ದವೂ ತೋಳಿನ ಒಳಬದಿಯ ಉದ್ದವೂ ಕಡಿಮೆಯಾಗುತ್ತವೆ, ಕೈ ಎತ್ತಲು ಬೇಕಾದ ಬಟ್ಟೆ ಅಲ್ಲಿ ಉಳಿದಿರುವುದಿಲ್ಲ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವೇ ಇರಲಿ, ಒಂದು ಇಂಚಿನಷ್ಟು ಕೆಳಗೆ ಸಾಕು. ಅಗಲವಾಗಬೇಕಾದದ್ದು ತೋಳಿನ ತುಂಡು. ಮೇಲ್ತೋಳಿನ ಸುತ್ತಳತೆಗಿಂತ 2 ಇಂಚು ಹೆಚ್ಚಿಗೆ ಇಟ್ಟು, ತೋಳಿನ ತುಂಡಿನ ಮೇಲ್ತುದಿಯ ಉಬ್ಬನ್ನು ತುಸು ತಗ್ಗಿಸಿ ಕತ್ತರಿಸಿದರೆ ಕೈಯೂ ಆಡುತ್ತದೆ, ಉಡುಪೂ ಇದ್ದಲ್ಲೇ ಇರುತ್ತದೆ. ಹೊಲಿದಾಗಿರುವ ಉಡುಪಾದರೆ ಕಂಕುಳಲ್ಲಿ ವಜ್ರದಾಕಾರದ ಗಸೆಟ್ ತುಂಡು ಸೇರಿಸಿಕೊಡಲು ಕೇಳಿ. ಅದೇ ಬಟ್ಟೆಯ ಚೂರು ಉಳಿದಿದ್ದರೆ ಹೊರಗೆ ಗೊತ್ತೂ ಆಗುವುದಿಲ್ಲ.

ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ನಿಲ್ಲಬೇಕು. ಇದು ಸರಿಯಿದ್ದರೆ ಸಡಿಲವಾದ ಉಡುಪೂ ನಿಮಗಾಗಿ ಹೊಲಿದಂತೆ ಕಾಣುತ್ತದೆ.

ಎದೆಗೆ ನಾನು ಸದಾ ಸೂಚಿಸುವುದು ಪ್ರಿನ್ಸೆಸ್ ಕಟ್. ಭುಜದಿಂದ ಅಥವಾ ಆರ್ಮ್‌ಹೋಲಿನಿಂದ ಎದೆಯ ಮೇಲೆ ಹಾದು ಕೆಳಗಿಳಿಯುವ ಆ ಹೊಲಿಗೆಗಳು ಎದೆಗೆ ಬೇಕಾದಷ್ಟು ಕೊಟ್ಟು ಸೊಂಟದಲ್ಲಿ ಬೇಡದ್ದನ್ನು ತೆಗೆಯುತ್ತವೆ. ಮೈ ಬದಲಾದರೆ ಬಿಚ್ಚಿ ತಿದ್ದಲು ಪಕ್ಕದ ಎರಡರ ಜೊತೆಗೆ ಇನ್ನಷ್ಟು ಹೊಲಿಗೆಗಳು ಸಿಗುತ್ತವೆ. ಎಲ್ಲ ಉದ್ದ ಹೊಲಿಗೆಗಳಲ್ಲೂ ಒಳಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ಡಾರ್ಟ್ ಹಾಕಿಸುವುದಾದರೆ ಅದರ ಮೊನೆ ಎದೆಯ ತುದಿಯ ಮೇಲೆಯೇ ಮುಗಿಯಬಾರದು. ತುಂಬು ಎದೆಗೆ ಒಂದೂವರೆ ಇಂಚಿನಷ್ಟು ಹಿಂದೆಯೇ ನಿಲ್ಲಿಸಿದರೆ ಚೂಪಾಗಿ ಎದ್ದು ಕಾಣುವುದಿಲ್ಲ.

ಶರ್ಟಿನ ಗುಂಡಿಗಳ ನಡುವೆ ಬಾಯಿಬಿಡುವುದಕ್ಕೆ ಪರಿಹಾರ ಸರಳ. ಗುಂಡಿಗಳ ಸ್ಥಾನವನ್ನು ಕೊರಳಿನಿಂದ ಲೆಕ್ಕ ಹಾಕುವ ಬದಲು ಎದೆಯ ಅತಿ ತುಂಬು ರೇಖೆಯ ಮೇಲೆ ಮೊದಲು ಒಂದು ಗುಂಡಿ ಗುರುತಿಸಿ, ಅಲ್ಲಿಂದ ಮೇಲೆ ಕೆಳಗೆ ಸಮ ಅಂತರದಲ್ಲಿ ಉಳಿದವನ್ನು ಹಾಕಲಿ. ಇರುವ ಶರ್ಟಿಗೆ ಎರಡು ಗುಂಡಿಗಳ ನಡುವೆ ಒಳಗಿನಿಂದ ಟಿಚ್ ಬಟನ್ ಹೊಲಿದುಕೊಳ್ಳಬಹುದು.

ಹೊಟ್ಟೆ ಮುಂದಿದ್ದು ಅಂಚು ಮೇಲೇರುವವರು ಉದ್ದವನ್ನು ಕೆಳಗಿನ ಅಂಚಿನಲ್ಲಿ ಸೇರಿಸುವುದಕ್ಕಿಂತ ಮುಂಭಾಗದ ನಡುವಿನಲ್ಲೇ ಸೇರಿಸಿ, ಪಕ್ಕದ ಹೊಲಿಗೆಗೆ ಬರುವಷ್ಟರಲ್ಲಿ ಅದನ್ನು ಇಲ್ಲವಾಗಿಸುವಂತೆ ಕೇಳಿ. ಪ್ಯಾಂಟಿನ ಸೊಂಟಪಟ್ಟಿ ನೇರವಾಗಿದ್ದರೆ ಸುರುಳಿಯಾಗುತ್ತದೆ. ಮೈಯ ಬಾಗನ್ನು ಅನುಸರಿಸಿ ಬಾಗಿಸಿ ಕತ್ತರಿಸಿದ ಪಟ್ಟಿ ಕೂರುತ್ತದೆ. ಎಲಾಸ್ಟಿಕ್ ಹಾಕುವುದಾದರೆ ಅಗಲದ್ದು ಇರಲಿ, ಅದು ಮಡಚದಂತೆ ಪಟ್ಟಿಯ ಮೇಲೆ ಒಂದೆರಡು ಸಾಲು ಹೊಲಿಗೆ ಬೀಳಲಿ.

ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಹಳೆಯ ಹೊದಿಕೆಯಲ್ಲೋ ಅಗ್ಗದ ಹತ್ತಿಯಲ್ಲೋ ಕಚ್ಚಾ ಹೊಲಿಗೆ ಹಾಕಿಸಿ ತೊಟ್ಟು ನೋಡಿ. ಅದರ ಮೇಲೆಯೇ ಪೆನ್ನಿನಿಂದ ತಿದ್ದುಪಡಿ ಬರೆಯಬಹುದು. ಒಮ್ಮೆ ಸರಿಯಾದ ಕಾಗದದ ಮಾದರಿ ಸಿಕ್ಕಿತೆಂದರೆ ವರ್ಷಗಟ್ಟಲೆ ಅದರಿಂದಲೇ ಹೊಲಿಸಬಹುದು. ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಆರನೆಯ ಹೆಜ್ಜೆ: ಬಟ್ಟೆಯನ್ನು ಕೈಯಿಂದ ಆರಿಸಿ

ಕಣ್ಣಿಗೆ ಚೆಂದ ಕಂಡ ಬಟ್ಟೆಯನ್ನು ಒಂದು ಗಜ ಬಿಚ್ಚಿ ಕೈಮೇಲೆ ಇಳಿಬಿಡಿ. ಕಾಗದದಂತೆ ಸೆಟೆದು ನಿಂತರೆ ಮೈಮೇಲೂ ಹಾಗೆಯೇ ನಿಲ್ಲುತ್ತದೆ. ಕೋಟು, ಜಾಕೆಟುಗಳಿಗೆ ಅದು ಗುಣ, ನೆರಿಗೆಯ ಸ್ಕರ್ಟಿಗೆ ದೋಷ. ಮುದ್ದೆಯಾಗಿ ಕುಸಿದು ಕೈಯ ಗೆಣ್ಣುಗಳೆಲ್ಲ ಎದ್ದು ಕಂಡರೆ ಒಳ ಉಡುಪಿನ ಪಟ್ಟಿಗಳೂ ಹಾಗೆಯೇ ಕಾಣುತ್ತವೆ. ಇವೆರಡರ ನಡುವೆ, ತೂಕದಿಂದ ಇಳಿಯುವ, ಅಂಟದ ಬಟ್ಟೆ ದಿನಬಳಕೆಗೆ ಒಳ್ಳೆಯದು: ತುಸು ದಪ್ಪನೆಯ ಹತ್ತಿ, ಕ್ರೇಪ್, ವಿಸ್ಕೋಸ್ ಬೆರೆತ ನಾರು, ದಪ್ಪ ನಿಟ್. ಬಟ್ಟೆಯ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ, ಜಿಎಸ್ಎಂ ಎಂದು ಬರೆದಿರುತ್ತದೆ. ಶರ್ಟಿನ ಬಟ್ಟೆ ಸಾಮಾನ್ಯವಾಗಿ 100ರಿಂದ 150ರ ಒಳಗಿರುತ್ತದೆ. ಪ್ಯಾಂಟಿಗೆ 200ಕ್ಕಿಂತ ಮೇಲಿನದು ನೋಡಿ.

ಹಿಗ್ಗುವ ಬಟ್ಟೆಗಳು ನಮಗೆ ಸಿಕ್ಕಿದ್ದು ಎಲಾಸ್ಟೇನ್ ನೂಲಿನಿಂದ. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ರೂಪಿಸಿದ ಈ ನೂಲು ಶೇಕಡಾ 2ರಿಂದ 5ರಷ್ಟು ಬೆರೆತರೂ ಜೀನ್ಸಿನಲ್ಲಿ ಕುಳಿತೇಳುವುದು ಸಲೀಸಾಗುತ್ತದೆ. ಕೊಳ್ಳುವ ಮುನ್ನ ಹಿಗ್ಗುವುದನ್ನಷ್ಟೇ ಅಲ್ಲ, ಹಿಂದಿರುಗುವುದನ್ನೂ ನೋಡಿ. ಎರಡೂ ಕೈಗಳಿಂದ ಎಳೆದು, ಹತ್ತು ಎಣಿಸಿ, ಬಿಡಿ. ಮೊದಲಿನ ಅಳತೆಗೆ ಬಾರದ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲಲ್ಲಿ ಜೋತುಬೀಳುತ್ತದೆ. ಇಂಥ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಡಿ, ಡ್ರೈಯರಿನ ಕಾವಿಗೆ ಹಾಕಬೇಡಿ. ಶಾಖಕ್ಕೆ ಆ ನೂಲಿನ ಜೀವ ಹೋಗುತ್ತದೆ.

ಒಳತೊಡೆಯಲ್ಲಿ ಪ್ಯಾಂಟ್ ಸವೆದು ತೂತಾಗುವುದು ನಮ್ಮೆಲ್ಲರ ಸಮಸ್ಯೆ. ಸವೆಯುವ ತನಕ ಕಾಯದೆ, ಹೊಸದಿರುವಾಗಲೇ ಆ ಜಾಗಕ್ಕೆ ಒಳಗಿನಿಂದ ತೆಳುವಾದ ಗಟ್ಟಿ ಬಟ್ಟೆಯ ತೇಪೆ ಹಾಕಿಸಿದರೆ ಆಯುಸ್ಸು ಹೆಚ್ಚುತ್ತದೆ.

ಏಳನೆಯ ಹೆಜ್ಜೆ: ಗೆರೆ, ಬಣ್ಣಗಳ ಹಳೆಯ ನಿಷೇಧಗಳನ್ನು ಪರೀಕ್ಷಿಸಿ ನೋಡಿ

ಅಡ್ಡಗೆರೆ ಹಾಕಿದರೆ ದಪ್ಪ ಕಾಣುತ್ತೀರಿ ಎಂದು ಕೇಳದ ಹೆಂಗಸು ಇದ್ದಾಳೆಯೇ? ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಜ್ ತೋರಿಸಿದ್ದು ಇದಕ್ಕೆ ತದ್ವಿರುದ್ಧ. ಒಂದೇ ಅಳತೆಯ ಎರಡು ಚೌಕಗಳಲ್ಲಿ ಅಡ್ಡಗೆರೆ ತುಂಬಿದ್ದು ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆ, ಉದ್ದಗೆರೆ ತುಂಬಿದ್ದು ಅಗಲವಾಗಿ ಕಾಣುತ್ತದೆ. ಅಡ್ಡಗೆರೆಯ ಉಡುಪು ಹೆಂಗಸರನ್ನು ಎತ್ತರವಾಗಿ ತೋರಿಸುತ್ತದೆ ಎಂದೂ ಅವರು ಬರೆದಿದ್ದರು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಸಹೋದ್ಯೋಗಿ ಉಡುಪಿನ ಚಿತ್ರಗಳ ಮೇಲೆಯೇ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಡ್ಡಗೆರೆಯಿಂದ ದಪ್ಪ ಕಾಣುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ನಾನು ಇದನ್ನು ಹೇಳುವುದು ಅಡ್ಡಗೆರೆಯನ್ನು ಹೊಸ ಉಪಾಯವಾಗಿ ಮಾರಲು ಅಲ್ಲ. ದಶಕಗಳಿಂದ ಹೆಂಗಸರು ಇಷ್ಟದ ಗೆರೆಯ ಬಟ್ಟೆಯನ್ನು ಮುಟ್ಟಿ, ವಾಪಸು ಇಟ್ಟು ಬಂದಿದ್ದಾರೆ. ಅದೂ ಪರೀಕ್ಷೆಗೆ ನಿಲ್ಲದ ಒಂದು ಮಾತಿಗಾಗಿ. ಅದು ಸಾಕಾಗಲಿ ಎಂಬುದು ನನ್ನ ಕಳಕಳಿ.

ಕಪ್ಪು ನಿಮಗಿಷ್ಟವಿದ್ದರೆ ಕಪ್ಪನ್ನೇ ತೊಡಿ. ಅಡಗಿಕೊಳ್ಳಲು ತೊಡುತ್ತಿದ್ದರೆ ಮುಖದ ಹತ್ತಿರ ಬರುವ ಒಂದೇ ಒಂದು ವಸ್ತುವಿನಿಂದ ಬಣ್ಣ ಆರಂಭಿಸಿ, ಒಂದು ಶಾಲು ಅಥವಾ ಶರ್ಟಿನ ಕಾಲರ್. ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ನಿಂತು ಬೇರೆ ಬೇರೆ ಬಣ್ಣಗಳನ್ನು ಗಲ್ಲದ ಕೆಳಗೆ ಹಿಡಿದು ನೋಡಿ. ಕಣ್ಣು ಮೊದಲು ಮುಖಕ್ಕೆ ಹೋದರೆ ಆ ಬಣ್ಣ ನಿಮ್ಮದು. ಪ್ರಿಂಟುಗಳಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ: ದೊಡ್ಡ ಹೂವೊಂದು ಸರಿಯಾಗಿ ಎದೆಯ ತುದಿಯ ಮೇಲೆ ಬೀಳದಂತೆ ಕತ್ತರಿಸುವ ಮೊದಲೇ ಬಟ್ಟೆಯನ್ನು ಮೈಮೇಲೆ ಹಿಡಿದು ಗುರುತು ಹಾಕಿಸಿ. ದೊಡ್ಡ ಪ್ರಿಂಟಿಗೆ ಬಟ್ಟೆ ತುಸು ಹೆಚ್ಚು ಬೇಕಾಗುತ್ತದೆ.

ಮೈಯನ್ನು ಹಣ್ಣುಗಳ ಹೆಸರಿನಿಂದ ವಿಂಗಡಿಸುವ ಪಟ್ಟಿಗಳನ್ನು ನಾನು ಬಳಸುವುದಿಲ್ಲ. ಅಳತೆಯ ಹಾಳೆ ನಿಮ್ಮ ಮೈಯ ಬಗ್ಗೆ ಅದಕ್ಕಿಂತ ನಿಖರವಾಗಿ ಹೇಳುತ್ತದೆ, ಮರ್ಯಾದೆಯಿಂದಲೂ ಹೇಳುತ್ತದೆ. ಸಡಿಲ ಬೇಕೋ ಆಕಾರ ಬೇಕೋ ಎಂಬುದು ನಿಮ್ಮಿಷ್ಟ. ಸಡಿಲ ಉಡುಪಿನಲ್ಲೂ ಭುಜ, ಕೊರಳು, ಮಣಿಕಟ್ಟುಗಳಲ್ಲಿ ಎಲ್ಲಾದರೂ ಒಂದು ಕಡೆ ನಿಖರ ಅಳತೆ ಇರಲಿ. ಅದು ಆರಿಸಿ ತೊಟ್ಟದ್ದು ಎಂದು ಆಗ ತಿಳಿಯುತ್ತದೆ.

ಎಂಟನೆಯ ಹೆಜ್ಜೆ: ಸಿದ್ಧ ಉಡುಪು ಕೊಳ್ಳುವಾಗ

ತಿದ್ದಲಾಗದ ಜಾಗ ಸರಿಯಾಗಿರುವ ಸೈಜನ್ನು ಕೊಳ್ಳಿ. ಪಕ್ಕದಲ್ಲಿ ಹಿಡಿಸುವುದು, ಉದ್ದ ಕಡಿಮೆ ಮಾಡಿಸುವುದು, ಸೊಂಟಕ್ಕೆ ಡಾರ್ಟ್ ಹಾಕಿಸುವುದು ಸುಲಭದ ಕೆಲಸಗಳು. ಭುಜ ಕಿರಿದಾಗಿಸುವುದು ಕಷ್ಟ. ಕೆಳಗೆ ಕೊರೆದ ಆರ್ಮ್‌ಹೋಲನ್ನು ಮೇಲೆ ತರುವುದು ಹೆಚ್ಚುಕಡಿಮೆ ಆಗದ ಮಾತು. ಪ್ಯಾಂಟನ್ನು ಹಿಪ್ ಮತ್ತು ತೊಡೆಗೆ ನೋಡಿ ಕೊಂಡು ಸೊಂಟವನ್ನು ತಿದ್ದಿಸಿ. ಉಡುಪನ್ನು ತಿರುಗಿಸಿ ಒಳಗಿನ ಮಾರ್ಜಿನ್ ಎಷ್ಟಿದೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕಾಲು ಇಂಚಷ್ಟೇ ಇದ್ದರೆ ಅದು ಮುಂದೆ ಬಿಚ್ಚಿ ಹಿಗ್ಗಿಸುವ ಉಡುಪಲ್ಲ.

ಆನ್‌ಲೈನಿನಲ್ಲಿ ಕೊಳ್ಳುವಾಗ ನಿಮಗೆ ಚೆನ್ನಾಗಿ ಕೂರುವ ಒಂದು ಉಡುಪನ್ನು ಮೇಜಿನ ಮೇಲೆ ಹಾಸಿ ಅಳೆದು, ಆ ಅಳತೆಗಳನ್ನು ಅಂಗಡಿ ಕೊಟ್ಟ ಉಡುಪಿನ ಅಳತೆಯೊಂದಿಗೆ ಹೋಲಿಸಿ. ಮೈಯ ಅಳತೆಯ ಪಟ್ಟಿ ಬೇರೆ, ಉಡುಪಿನ ಅಳತೆಯ ಪಟ್ಟಿ ಬೇರೆ. ಕೊಟ್ಟಿರುವುದು ಯಾವುದು ಎಂದು ಮೊದಲು ಓದಿ ನೋಡಿ.

ಒಂಬತ್ತನೆಯ ಹೆಜ್ಜೆ: ಕಪಾಟು, ಕ್ಯಾಮೆರಾ, ಜನರ ಮಾತು

ಸಣ್ಣಗಾದ ಮೇಲೆ ತೊಡುತ್ತೇನೆ ಎಂದು ಎತ್ತಿಟ್ಟ ಬಟ್ಟೆಗಳು ಕಪಾಟಿನ ಕಣ್ಣೆದುರಿನ ಸಾಲಿನಲ್ಲಿ ಇರಕೂಡದು. ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಸಿಗುವುದು ಅವುಗಳ ಆಕ್ಷೇಪಣೆ. ನೆನಪಿಗಾಗಿ ಬೇಕಾದವನ್ನು ಪೆಟ್ಟಿಗೆಯಲ್ಲಿ ಬೇರೆಡೆ ಇಡಿ, ಉಳಿದವನ್ನು ಆಗುವವರಿಗೆ ಕೊಟ್ಟುಬಿಡಿ. ಖಾಲಿಯಾದ ಜಾಗದಲ್ಲಿ ಈಗ, ಈ ಮೈಗೆ ಕೂರುವ ನಾಲ್ಕೈದು ಜೊತೆ ಇದ್ದರೂ ಸಾಕು. ತೂಕ ಇಳಿಸುವ ಪ್ರಯತ್ನದಲ್ಲಿರುವವರಿಗೂ ಇದೇ ಮಾತು: ಇಂದು ತೊಡಲು ಒಳ್ಳೆಯ ಬಟ್ಟೆ ಇಂದೇ ಬೇಕು.

ಫೋಟೊದಲ್ಲಿ ನಿಮ್ಮನ್ನು ನೀವೇ ಗುರುತಿಸಲಾರದಂತೆ ಆಗಿದ್ದರೆ ಬಹುಶಃ ಕ್ಯಾಮೆರಾದ ಅಂತರ ಅದಕ್ಕೆ ಕಾರಣ. ಮೊಬೈಲಿನ ಅಗಲ ಕೋನದ ಲೆನ್ಸ್ ಹತ್ತಿರದ ವಸ್ತುವನ್ನು ದೊಡ್ಡದು ಮಾಡುತ್ತದೆ, ಚೌಕಟ್ಟಿನ ಅಂಚಿನಲ್ಲಿ ನಿಂತವರನ್ನು ಹಿಗ್ಗಿಸುತ್ತದೆ. ತೆಗೆಯುವವರು ಎರಡು ಮೂರು ಮೀಟರ್ ದೂರ ನಿಂತು, ಫೋನನ್ನು ನಿಮ್ಮ ಎದೆಯ ಎತ್ತರದಲ್ಲಿ ಹಿಡಿದು, ತುಸು ಜೂಮ್ ಮಾಡಲಿ. ನೀವು ಚೌಕಟ್ಟಿನ ನಡುವೆ ಇರಿ. ಕುಟುಂಬದ ಫೋಟೊಗಳಲ್ಲಿ ಯಾವಾಗಲೂ ತಾವೇ ಕ್ಯಾಮೆರಾ ಹಿಡಿದು ಹಿಂದೆ ಉಳಿಯುವ ಅಮ್ಮಂದಿರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಆ ಫೋಟೊಗಳಲ್ಲಿ ನೀವು ಇರಬೇಕು.

ತುಂಬುಮೈಯ ರೂಪದರ್ಶಿಯರು ಈಗ ಮೊದಲಿನಷ್ಟು ಅಪರೂಪವಲ್ಲ. ಆಶ್ಲಿ ಗ್ರಹಾಂ 2016ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಈಜು ಉಡುಪಿನ ವಿಶೇಷ ಸಂಚಿಕೆಯ ಮುಖಪುಟದಲ್ಲಿ ಬಂದರು. ನಿಮ್ಮ ಎತ್ತರ, ಆಕಾರಗಳಿಗೆ ಹತ್ತಿರವಿರುವವರು ಏನು ತೊಟ್ಟಿದ್ದಾರೆ, ಭುಜ ಎಲ್ಲಿ ಕೂತಿದೆ, ಅಂಚು ಎಲ್ಲಿ ಮುಗಿದಿದೆ ಎಂದು ನೋಡಿ ಕಲಿಯಿರಿ. ಬೇರೆ ಮೈಯ ಚಿತ್ರ ತೋರಿಸಿ ಹೊಲಿಸಿದ ಉಡುಪಿಗಿಂತ ಇದು ಬೇಗ ಫಲ ಕೊಡುತ್ತದೆ.

ಇನ್ನು ಮಾತುಗಳು. "ಇದು ನಿಮಗೆ ಬೇಕಿತ್ತಾ?", "ಇದರಲ್ಲಿ ಇನ್ನೂ ದಪ್ಪ ಕಾಣುತ್ತೀರಿ" ಎನ್ನುವವರು ಇದ್ದೇ ಇರುತ್ತಾರೆ, ಹೆಚ್ಚಾಗಿ ಹತ್ತಿರದವರೇ. ಆ ಕ್ಷಣದಲ್ಲಿ ಉತ್ತರ ಹೊಳೆಯದೆ ಮನೆಗೆ ಬಂದು ಕೊರಗುವುದಕ್ಕಿಂತ ಒಂದು ಚಿಕ್ಕ ವಾಕ್ಯವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. "ನನಗೆ ಇದು ಇಷ್ಟ, ಅದಕ್ಕೇ ತೊಟ್ಟೆ" ಎಂದರೆ ಸಾಕು. ವಿವರಣೆ ಸೇರಿಸಬೇಡಿ, ಕ್ಷಮೆ ಕೇಳುವ ನಗು ಬೇಡ, ವಿಷಯ ಬದಲಿಸಿ. ಮತ್ತೆ ಮತ್ತೆ ಹೇಳುವವರಿಗೆ "ನನ್ನ ಮೈಯ ಬಗ್ಗೆ ಮಾತು ಬೇಡ" ಎಂದು ಸಮಾಧಾನದಿಂದ, ಸ್ಪಷ್ಟವಾಗಿ ಹೇಳುವ ಹಕ್ಕು ನಿಮಗಿದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದನ್ನು ಅವರ ಎದುರೇ ಹೇಳಿ.

ಹೊಸ ಶೈಲಿಯನ್ನು ಮುಖ್ಯ ಸಮಾರಂಭದ ದಿನವೇ ಮೊದಲ ಸಲ ತೊಡಬೇಡಿ. ಮೊದಲು ಮನೆಯಲ್ಲಿ ಒಂದು ಗಂಟೆ ತೊಟ್ಟು ಎಂದಿನ ಕೆಲಸ ಮಾಡಿ: ಕಪಾಟಿನ ಮೇಲಿನ ಡಬ್ಬಿ ಇಳಿಸಿ, ಮೆಟ್ಟಿಲು ಹತ್ತಿ, ಕುಳಿತು ಊಟ ಮಾಡಿ. ಆ ಒಂದು ಗಂಟೆಯಲ್ಲಿ ಉಡುಪನ್ನು ಸರಿಪಡಿಸಲು ನಿಮ್ಮ ಕೈ ಎಲ್ಲೆಲ್ಲಿ ಹೋಯಿತು ಎಂದು ಗಮನಿಸಿ. ಕೊರಳಿಗೆ ಹೋಯಿತೇ, ಸೊಂಟಕ್ಕೆ ಹೋಯಿತೇ, ಬೆನ್ನ ಅಂಚನ್ನು ಎಳೆಯಿತೇ? ಕೈ ಹೋದ ಪ್ರತಿ ಜಾಗಕ್ಕೂ ಒಂದು ಪಿನ್ ಚುಚ್ಚಿ, ಪಿನ್ನುಗಳ ಸಮೇತ ಉಡುಪನ್ನು ದರ್ಜಿಯ ಬಳಿ ಒಯ್ಯಿರಿ.